ಮಗಳು ರೇಜರ್ ಕೇಳಿದಾಗ

ಹತ್ತು ವರ್ಷದ ಹುಡುಗಿ ಸೆಕೆಗಾಲದಲ್ಲೂ ಕಾಲು ಪೂರ್ತಿ ಮುಚ್ಚುವ ಪ್ಯಾಂಟನ್ನೇ ಹುಡುಕಿ ಹಾಕಿಕೊಳ್ಳುತ್ತಾಳೆ. ಈಜಿನ ಕ್ಲಾಸ್ ಇರುವ ದಿನವೇ ಹೊಟ್ಟೆನೋವು ಶುರುವಾಗುತ್ತದೆ. ಆಮೇಲೊಂದು ದಿನ ಬಚ್ಚಲುಮನೆ ಬಾಗಿಲಿಗೆ ಒರಗಿ, ನಿಮ್ಮ ಮುಖ ನೋಡದೆ, “ಅಮ್ಮಾ, ನನ್ನ ಕಾಲಲ್ಲಿ ಯಾಕೆ ಇಷ್ಟೊಂದು ಕೂದಲು? ತೆಗೀಬಹುದಾ?” ಅಂತ ಕೇಳುತ್ತಾಳೆ. ಆ ಗಳಿಗೆಗೆ ಬಾಯಿಗೆ ಬರುವ ಉತ್ತರ “ಈಗಲೇ ಯಾಕೆ, ನೀನಿನ್ನೂ ಚಿಕ್ಕವಳು” ಅನ್ನುವುದು. ಅದನ್ನು ನುಂಗಿಕೊಳ್ಳಿ. ಈ ಪ್ರಶ್ನೆ ಅವಳ ಮನಸ್ಸಿನಲ್ಲಿ ಹುಟ್ಟಿದ್ದು ಇವತ್ತಲ್ಲ, ಬಾಯಿಗೆ ಬಂದದ್ದು ಇವತ್ತು.

ಎಷ್ಟನೇ ವಯಸ್ಸಿಗೆ ಸರಿ ಎಂಬುದಕ್ಕೆ ವೈದ್ಯಶಾಸ್ತ್ರ ಒಂದು ಸಂಖ್ಯೆ ಕೊಡುವುದಿಲ್ಲ. ಕಾಲಿನ ಕೂದಲನ್ನು ಒಂಬತ್ತಕ್ಕೆ ತೆಗೆದರೂ ಹದಿನಾಲ್ಕಕ್ಕೆ ತೆಗೆದರೂ ಬೆಳವಣಿಗೆಗೆ ಏನೂ ಆಗುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಬೇರೆ: ಕೇಳಿದ್ದು ಅವಳೇನಾ? ಯಾಕೆ ಕೇಳುತ್ತಿದ್ದಾಳೆ? ಅವಳ ಕೈಗೆ ಆ ಕೆಲಸ ಒಗ್ಗುತ್ತದಾ? ಈ ಮೂರಕ್ಕೂ ಉತ್ತರ ಸಿಕ್ಕಿದ ದಿನವೇ ಸರಿಯಾದ ದಿನ.

“ಮುಟ್ಟಾದ ಮೇಲೆ ನೋಡೋಣ” ಅನ್ನುವ ಗಡಿ ಬಹಳ ಮನೆಗಳಲ್ಲಿದೆ. ಕೇಳಲು ಸರಳ, ಆದರೆ ದೇಹ ಆ ಕ್ರಮದಲ್ಲಿ ನಡೆಯುವುದಿಲ್ಲ. ಹುಡುಗಿಯರಲ್ಲಿ ಹದಿಹರೆಯದ ಬದಲಾವಣೆ 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಸಾಮಾನ್ಯವಾಗಿ ಮೊದಲು ಎದೆ ಮೊಗ್ಗಿನಂತೆ ಗಟ್ಟಿಯಾಗುತ್ತದೆ, ಅದರ ಆಸುಪಾಸಿನಲ್ಲೇ ಗುಪ್ತಾಂಗದ ಸುತ್ತ ಕೂದಲು ಕಾಣಿಸುತ್ತದೆ, ಕಂಕುಳಿನ ಕೂದಲು ಅದಕ್ಕಿಂತ ತಡವಾಗಿ ಬರುತ್ತದೆ. ಮೊದಲ ಮುಟ್ಟು ಬರುವುದು ಎದೆ ಬೆಳೆಯತೊಡಗಿ ಸುಮಾರು ಎರಡು, ಎರಡೂವರೆ ವರ್ಷದ ಮೇಲೆ. ಕಾಲು, ಮುಂಗೈಯ ಕೂದಲಂತೂ ಮನೆತನದಿಂದ ಬಂದದ್ದು. ಕೆಲವರಿಗೆ ಏಳೆಂಟು ವರ್ಷಕ್ಕೇ ಕಪ್ಪಾಗಿ ಎದ್ದು ಕಾಣುತ್ತದೆ. ಮುಟ್ಟಿನ ಗಡಿ ಹಾಕಿದರೆ ಅಷ್ಟು ವರ್ಷವೂ ಅವಳು ಮುಚ್ಚಿಕೊಂಡೇ ಓಡಾಡಬೇಕಾಗುತ್ತದೆ.

ಬೇಡ ಅಂದರೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. ಚಿಲಕ ಹಾಕಿಕೊಂಡು, ಅಪ್ಪನ ಹಳೇ ರೇಜರ್ ತೆಗೆದುಕೊಂಡು, ನೀರೂ ಸೋಪೂ ಇಲ್ಲದೆ ಒಣ ಕಾಲಿನ ಮೇಲೆ ಎಳೆಯುತ್ತಾಳೆ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಉದ್ದಕ್ಕೆ ಚರ್ಮ ಸುಲಿದು ಬರುವುದು ಹೀಗೆ ಕದ್ದು ಮಾಡಿದಾಗಲೇ. ಒಂದೆರಡು ವಾರ ಕಾಯಿಸಬಹುದು, “ಈ ಭಾನುವಾರ ಇಬ್ಬರೂ ಕೂತು ನೋಡೋಣ” ಅನ್ನಬಹುದು. ವರ್ಷಗಟ್ಟಲೆ ಮುಂದೂಡಿದರೆ ಅವಳು ನಿಮ್ಮನ್ನು ಕೇಳುವುದನ್ನು ಬಿಡುತ್ತಾಳೆ, ಅಷ್ಟೇ.

ಇದರ ಇನ್ನೊಂದು ಮುಖವನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಅವಳು ಕೇಳದಿದ್ದರೆ ನೀವಾಗಿ ಮಾತು ಎತ್ತಬೇಡಿ. “ಸ್ವಲ್ಪ ಕಾಲು ನೋಡ್ಕೋ ಪುಟ್ಟಿ, ಕ್ಲೀನ್ ಮಾಡಿಸೋಣ್ವಾ?” ಎಂಬ ಪ್ರೀತಿಯ ಮಾತೇ ಆ ಮಗುವಿಗೆ ತನ್ನ ಕಾಲು ಕೊಳಕು ಎಂದು ಮೊದಲ ಬಾರಿಗೆ ತಿಳಿಸುವ ಮಾತು. ಚಿಕ್ಕಮ್ಮ, ಅತ್ತೆ, ಅಜ್ಜಿ ಯಾರೇ ಅವಳೆದುರು ಮೀಸೆ, ಕಾಲು ಅಂತ ಶುರು ಮಾಡಿದರೂ ಅಲ್ಲೇ ತಡೆಯಿರಿ. ಮೈಕೂದಲು ಕೊಳೆ ಅಲ್ಲ. ಕಂಕುಳಿನ ವಾಸನೆ ಬರುವುದೂ ಕೂದಲಿನಿಂದಲ್ಲ. ಹದಿಹರೆಯದಲ್ಲಿ ಕೆಲಸ ಶುರು ಮಾಡುವ ಒಂದು ಬಗೆಯ ಬೆವರುಗ್ರಂಥಿಗಳ ಸ್ರಾವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ಬರುತ್ತದೆ. ಸೋಪು ಹಾಕಿ ತೊಳೆದರೆ ಕೂದಲಿದ್ದೂ ಶುಚಿಯೇ. ತೆಗೆಯುವುದು ಒಂದು ಆಯ್ಕೆ ಅನ್ನುವುದು ಅವಳಿಗೆ ಮೊದಲೇ ತಿಳಿದಿರಲಿ.

ಅವಳು ಕೇಳಿದ್ದಾಳೆ ಅಂದಮೇಲೆ ಕಾರಣ ಕೇಳಿ, ವಿಚಾರಣೆಯಂತಲ್ಲ. “ಯಾರಾದ್ರೂ ಏನಾದ್ರೂ ಅಂದ್ರಾ?” ಸಾಕು. “ಇಲ್ಲಮ್ಮ, ನಂಗೇ ಇಷ್ಟ ಆಗಲ್ಲ” ಅಂದರೆ ಅದೇ ಪೂರ್ತಿ ಕಾರಣ, ಮುಂದೆ ಕೆದಕಬೇಡಿ. “ಕ್ಲಾಸಲ್ಲಿ ಕರಡಿ ಅಂತಾರೆ” ಅಂದರೆ ಅಲ್ಲಿ ಎರಡು ಸಮಸ್ಯೆ ಇವೆ, ಎರಡನ್ನೂ ಬೇರೆಬೇರೆಯಾಗಿ ಹಿಡಿಯಬೇಕು. ರೇಜರ್ ಕೊಟ್ಟು ಸುಮ್ಮನಾದರೆ ಚುಡಾಯಿಸುವವರಿಗೆ ನಾಳೆ ಹಲ್ಲು ಸಿಗುತ್ತದೆ, ನಾಡಿದ್ದು ಬಣ್ಣ ಸಿಗುತ್ತದೆ. ಟೀಚರ್ ಹತ್ತಿರ ಮಾತಾಡಲೇಬೇಕು. ಹಾಗಂತ “ಅವರು ಹೇಳಿದ್ದಕ್ಕೆ ನೀನ್ಯಾಕೆ ತೆಗೀಬೇಕು” ಎಂದು ಪಾಠ ಹೇಳಿ ಕಳಿಸುವುದೂ ಬೇಡ. ಆ ಧೈರ್ಯದ ಪರೀಕ್ಷೆಯನ್ನು ಹತ್ತು ವರ್ಷದವಳ ಕಾಲಿನ ಮೇಲೆ ನಡೆಸಬಾರದು. ತೆಗೆಯಬೇಕೆಂದರೆ ತೆಗೆಯಲಿ, ಟೀಚರ್ ಜೊತೆಗಿನ ಮಾತೂ ನಡೆಯಲಿ.

ಶೇವ್ ಮಾಡಿದರೆ ಕೂದಲು ದಪ್ಪ ಬರುತ್ತದೆ ಎಂಬ ಭಯದಿಂದಲೇ ಅರ್ಧ ಮನೆಗಳಲ್ಲಿ ಅನುಮತಿ ಸಿಗುವುದಿಲ್ಲ. ಅವಳ ಕಾಲಿನ ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ: ಬುಡದಿಂದ ತುದಿಗೆ ಹೋಗುತ್ತ ಸಣ್ಣಗಾಗಿ, ಕೊನೆಯಲ್ಲಿ ಕುಂಚದ ತುದಿಯಂತೆ ಚೂಪಾಗಿರುತ್ತದೆ. ರೇಜರ್ ಅದನ್ನು ಚರ್ಮದ ಮಟ್ಟದಲ್ಲಿ, ಅಂದರೆ ಅದರ ದಪ್ಪ ಭಾಗದಲ್ಲಿ, ಅಡ್ಡಕ್ಕೆ ಕತ್ತರಿಸುತ್ತದೆ. ಮೂರು ದಿನದ ಮೇಲೆ ಹೊರಗೆ ಬರುವುದು ಆ ಮೊಂಡು ತುದಿ. ಕೈಗೆ ಚುಚ್ಚುತ್ತದೆ, ಬಿಸಿಲಿಗೆ ಇನ್ನೂ ಮಾಸದ್ದರಿಂದ ಕಪ್ಪಾಗಿಯೂ ಕಾಣುತ್ತದೆ. ಕೂದಲು ಹುಟ್ಟುವ ಬುಡ ಚರ್ಮದ ಒಳಗಿದೆ. ಮೇಲೆ ಕತ್ತರಿಸಿದ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಗಂಡಸರ ಗಡ್ಡ ಬೋಳಿಸಿ, ಅಳೆದು ಇದನ್ನು ತೋರಿಸಿದ್ದರು. ಹದಿಹರೆಯದಲ್ಲಿ ಕೂದಲು ಹೇಗೂ ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ, ಅದೇ ಕಾಲದಲ್ಲಿ ಶೇವಿಂಗೂ ಶುರುವಾಗುತ್ತದೆ, ಅಪವಾದ ರೇಜರಿಗೆ ಬರುತ್ತದೆ.

ಇನ್ನು ನಿಜವಾಗಿ ನಿಲ್ಲಬೇಕಾದ ಸಂದರ್ಭಗಳು. 8 ವರ್ಷ ತುಂಬುವ ಮುಂಚೆ ಗುಪ್ತಾಂಗ ಅಥವಾ ಕಂಕುಳಿನಲ್ಲಿ ಕೂದಲು ಬಂದರೆ, ದೊಡ್ಡವರಂಥ ಬೆವರು ವಾಸನೆ ಶುರುವಾದರೆ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಬಹಳ ಸಲ ತೊಂದರೆ ಇಲ್ಲದ್ದೇ ಆಗಿರುತ್ತದೆ, ಆದರೆ ರಕ್ತ ಪರೀಕ್ಷೆ, ಮೂಳೆಯ ವಯಸ್ಸು ನೋಡುವ ಕೈಯ ಎಕ್ಸ್‌ರೇ ಬೇಕಾಗಬಹುದು. ಯಾವ ವಯಸ್ಸಿನಲ್ಲೇ ಆಗಲಿ ಗದ್ದ, ಎದೆಯ ನಡುವೆ, ಹೊಕ್ಕಳ ಕೆಳಗೆ ಗಡುಸು ಕೂದಲು ಬೇಗಬೇಗ ಬಂದರೆ, ಜೊತೆಗೆ ವಿಪರೀತ ಮೊಡವೆ, ಧ್ವನಿ ದಪ್ಪವಾಗುವುದು, ಶುರುವಾದ ಮುಟ್ಟು ತಿಂಗಳುಗಟ್ಟಲೆ ನಿಲ್ಲುವುದು ಇದ್ದರೆ ಅದು ಹಾರ್ಮೋನಿನ ಮಾತು, ಪಾರ್ಲರ್ ಆಮೇಲೆ. ಮೈತುಂಬ ತೆಳ್ಳನೆ ಎಳೆರೋಮ ಹೊಸದಾಗಿ ಬಂದು ತೂಕವೂ ಇಳಿಯುತ್ತಿದ್ದರೆ ಅವಳು ಊಟ ಬಿಡುತ್ತಿದ್ದಾಳಾ ಎಂದು ಗಮನಿಸಿ. ಬಹಳ ಜನಕ್ಕೆ ಹೊಳೆಯದ ಇನ್ನೊಂದು ಕಾರಣವಿದೆ. ಮನೆಯಲ್ಲಿ ದೊಡ್ಡವರು ಯಾರಾದರೂ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಜೆಲ್ ಹಚ್ಚಿಕೊಳ್ಳುತ್ತಿದ್ದರೆ, ತಲೆಗೂದಲು ಬೆಳೆಯಲೆಂದು ಮಿನಾಕ್ಸಿಡಿಲ್ ಔಷಧಿ ಹಾಕಿಕೊಳ್ಳುತ್ತಿದ್ದರೆ, ಅಪ್ಪಿಕೊಂಡಾಗ, ಒಂದೇ ದಿಂಬು ಟವೆಲ್ ಬಳಸಿದಾಗ ಅದು ಮಗುವಿನ ಚರ್ಮಕ್ಕೆ ದಾಟಿ ಕೂದಲು ಬರಿಸಬಹುದು. ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಚರ್ಮವನ್ನೂ ಒಮ್ಮೆ ಹತ್ತಿರದಿಂದ ನೋಡಿ. ಮುತ್ತಿನಂತೆ ಹೊಳೆಯುವ, ನಡುವೆ ಚಿಕ್ಕ ಗುಳಿ ಇರುವ ಗುಳ್ಳೆಗಳಿದ್ದರೆ ಅದು ಮೊಲಸ್ಕಮ್ ಎಂಬ ವೈರಸ್ ಸೋಂಕು, ಮಕ್ಕಳಲ್ಲಿ ಸಾಮಾನ್ಯ. ಅದರ ಮೇಲೆ ರೇಜರ್ ಎಳೆದರೆ ಎಳೆದಷ್ಟು ದೂರ ಹರಡುತ್ತದೆ. ಚಪ್ಪಟೆ ನರುಲಿಯೂ ಹಾಗೆಯೇ, ಬ್ಲೇಡ್ ಹೋದ ದಾರಿಯಲ್ಲೇ ಸಾಲಾಗಿ ಏಳುತ್ತದೆ. ವಾಸಿಯಾಗುವವರೆಗೆ ಆ ಜಾಗದಲ್ಲಿ ಶೇವಿಂಗ್ ಬೇಡ. ಚರ್ಮ ಒಣಗಿ ಕೆಂಪಾಗಿ ತುರಿಸುವ ಎಕ್ಸಿಮಾ ಕೆರಳಿದ್ದಾಗಲೂ ಬೇಡ.

ಯಾವುದರಿಂದ ಶುರು ಮಾಡುವುದು? ಹನ್ನೊಂದರೊಳಗಿನ ಹುಡುಗಿಗೆ ನಾನು ಹೇಳುವುದು ಬ್ಯಾಟರಿ ಟ್ರಿಮ್ಮರ್ ಅಥವಾ ಎಲೆಕ್ಟ್ರಿಕ್ ಶೇವರ್. ಚರ್ಮಕ್ಕೆ ಬ್ಲೇಡ್ ನೇರವಾಗಿ ತಾಗುವುದಿಲ್ಲ, ಕೊಯ್ಯುವುದು ಅಪರೂಪ, ಒಣ ಕಾಲಿನ ಮೇಲೇ ಕೆಲಸ ಮಾಡುತ್ತದೆ. ನುಣುಪು ಸ್ವಲ್ಪ ಕಡಿಮೆ, ತೀರಾ ಗಿಡ್ಡ ಕೂದಲು ಉಳಿಯುತ್ತದೆ, ಆದರೆ ಎರಡಡಿ ದೂರದಿಂದ ಕಾಣದು. ಅವಳಿಗೆ ಬೇಕಿರುವುದೂ ಅಷ್ಟೇ. ಆಟಿಸಂ ಇರುವ, ಸ್ಪರ್ಶಕ್ಕೆ ಬೇಗ ಗಾಬರಿಯಾಗುವ ಮಕ್ಕಳಿಗೂ ಇದೇ ಒಳ್ಳೆಯದು, ಮೊದಲು ಕೆಲವು ದಿನ ಆಫ್ ಮಾಡಿದ ಟ್ರಿಮ್ಮರನ್ನು ಕೈಯಲ್ಲಿ ಹಿಡಿದು ಆಡಲು ಬಿಡಿ, ಆಮೇಲೆ ಆನ್ ಮಾಡಿ ಸದ್ದು ಕೇಳಿಸಿ, ಆಮೇಲೆ ಅಂಗೈಗೆ ತಾಗಿಸಿ.

ರೇಜರನ್ನೇ ಕೇಳಿದರೆ ಅವಳ ಕೈ ನೋಡಿ. ಚಾಕುವಿನಲ್ಲಿ ಹಣ್ಣಿನ ಸಿಪ್ಪೆಯನ್ನು ಅವಸರವಿಲ್ಲದೆ ತೆಗೆಯಬಲ್ಲವಳು ರೇಜರನ್ನೂ ಹಿಡಿಯಬಲ್ಲಳು. ಹೊಸ ರೇಜರ್ ಬೇಕು, ಅವಳದ್ದೇ ಬೇಕು. ಕಣ್ಣಿಗೆ ಕಾಣದ ರಕ್ತದ ಕಣದಿಂದ ಹೆಪಟೈಟಿಸ್ ಬಿ, ಸಿ ಎಂಬ ಯಕೃತ್ತಿನ ಸೋಂಕುಗಳು ದಾಟುವ ಸಾಧ್ಯತೆ ಇರುವುದರಿಂದ ಅಕ್ಕತಂಗಿಯರ ನಡುವೆಯೂ ಹಂಚಿಕೊಳ್ಳುವಂತಿಲ್ಲ. ತಲೆ ಅಲುಗಾಡುವ, ಎರಡು ಮೂರು ಬ್ಲೇಡಿನ, ಹಿಡಿ ದಪ್ಪವಾಗಿರುವ ರೇಜರ್ ಕಲಿಯುವವರಿಗೆ ಸುಲಭ. ತೀರಾ ಅಗ್ಗದ ಒಂಟಿ ಬ್ಲೇಡಿನದು ಕೊಡಬೇಡಿ, ತಲೆ ತಿರುಗದ್ದರಿಂದ ಮೊಣಕಾಲ ತಿರುವಿನಲ್ಲಿ ಕೊಯ್ಯುತ್ತದೆ.

ಮೊದಲ ಪಾಠ ಸ್ನಾನದ ಕೊನೆಗೆ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದ ಕೂದಲು ನೀರು ಕುಡಿದು ಮೆತ್ತಗಾಗಿ, ಕಡಿಮೆ ಒತ್ತಡಕ್ಕೇ ತುಂಡಾಗುತ್ತದೆ. ನಿಂತು ಮಾಡಿಸಬೇಡಿ, ಒದ್ದೆ ನೆಲದಲ್ಲಿ ಒಂಟಿಕಾಲಲ್ಲಿ ನಿಂತು ಜಾರಿದರೆ ಕೈಯಲ್ಲಿ ಬ್ಲೇಡ್ ಇರುತ್ತದೆ. ಸ್ಟೂಲ್ ಮೇಲೆ ಕೂರಿಸಿ. ಕೂದಲು ಉದ್ದವಿದ್ದರೆ ಮೊದಲು ಟ್ರಿಮ್ ಮಾಡಿ, ಇಲ್ಲದಿದ್ದರೆ ಬ್ಲೇಡುಗಳ ನಡುವೆ ಸಿಕ್ಕಿಕೊಂಡು ಎಳೆಯುತ್ತದೆ. ಶೇವಿಂಗ್ ಜೆಲ್ ಅಥವಾ ಕ್ರೀಮನ್ನು ಕಾಲಿಗೆ ಬೆಳ್ಳಗೆ ಕಾಣುವಂತೆ ಹಚ್ಚಿ. ಅದರಲ್ಲಿ ಒಂದು ಉಪಾಯವೂ ಇದೆ: ನೊರೆ ಹೋದ ಜಾಗ ಮುಗಿದ ಜಾಗ, ಅದರ ಮೇಲೆ ಮತ್ತೆ ಎಳೆಯಬಾರದು ಎಂದು ಅವಳಿಗೆ ತಾನೇ ಗೊತ್ತಾಗುತ್ತದೆ. ಬರೀ ಸೋಪು ಬೇಗ ಒಣಗುತ್ತದೆ, ಬ್ಲೇಡಿಗೂ ಮೆತ್ತಿಕೊಳ್ಳುತ್ತದೆ.

ಮೊದಲ ಸಲ ಮೀನಖಂಡ ಮಾತ್ರ. ಅಲ್ಲಿ ಕೆಳಗೆ ಮಾಂಸವಿದೆ, ತಪ್ಪು ಮಾಡಿದರೂ ಕ್ಷಮೆ ಇದೆ. ರೇಜರನ್ನು ಪೆನ್ನಿನಷ್ಟು ಹಗುರಾಗಿ ಹಿಡಿದು, ಕೂದಲು ಮಲಗಿರುವ ದಿಕ್ಕಿಗೇ, ಅಂದರೆ ಕಾಲಿನಲ್ಲಿ ಮೇಲಿನಿಂದ ಕೆಳಕ್ಕೆ, ನಾಲ್ಕು ಬೆರಳಿನಗಲದಷ್ಟು ಎಳೆದು ನಿಲ್ಲಿಸಬೇಕು, ನೀರಿನಲ್ಲಿ ಜಾಲಿಸಬೇಕು, ಮತ್ತೆ. ಕೆಳಗಿನಿಂದ ಮೇಲಕ್ಕೆ ಎಳೆದರೆ ನುಣುಪು ಹೆಚ್ಚು, ಉರಿ ಮತ್ತು ಗುಳ್ಳೆಯೂ ಹೆಚ್ಚು. ಕೆಲಸ ಬ್ಲೇಡಿನ ಹರಿತದ್ದು, ಕೈಯ ಬಲದ್ದಲ್ಲ ಎಂಬುದು ಎರಡನೇ ಎಳೆತದಲ್ಲೇ ಅವಳಿಗೆ ಅರ್ಥವಾಗುತ್ತದೆ. ಅಡ್ಡಡ್ಡ ಮಾತ್ರ ಸರಿಸುವಂತಿಲ್ಲ, ಕೊಯ್ಯುವುದು ಆಗಲೇ. ಎರಡನೇ ಪಾಠಕ್ಕೆ ಮುಂಭಾಗದ ಮೂಳೆ. ಅಲ್ಲಿ ಚರ್ಮದ ಕೆಳಗೇ ಎಲುಬು, ಒತ್ತಡ ಇನ್ನೂ ಕಡಿಮೆ. ಮೊಣಕಾಲನ್ನು ಸ್ವಲ್ಪ ಮಡಚಿಸಿ ಚರ್ಮ ಬಿಗಿ ಮಾಡಿಸಿ. ಪಾದದ ಕೀಲಿನ ಉಬ್ಬುಮೂಳೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಎರಡೂ ಎಲ್ಲಕ್ಕಿಂತ ಕೊನೆಗೆ. ತೊಡೆ ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ, ಶುರು ಮಾಡಿದರೆ ಕೆಲಸ ದುಪ್ಪಟ್ಟು.

ಕಂಕುಳಿನಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ, ಸುಳಿಯಂತೆ ತಿರುಗಿರುತ್ತದೆ. ಕೈಯನ್ನು ತಲೆಯ ಹಿಂದಕ್ಕೆ ಚಾಚಿ ಗುಳಿಯನ್ನು ಚಪ್ಪಟೆ ಮಾಡಿಕೊಂಡು, ಮೇಲಿಂದ, ಕೆಳಗಿಂದ, ಪಕ್ಕದಿಂದ ಚಿಕ್ಕಚಿಕ್ಕದಾಗಿ ಎಳೆಯಬೇಕು. ಹೊಸದಾಗಿ ಶೇವ್ ಮಾಡಿದ ಕಂಕುಳಿಗೆ ಡಿಯೋಡರೆಂಟ್ ಹಾಕಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ. ಆದ್ದರಿಂದ ರಾತ್ರಿ ಶೇವಿಂಗ್, ಬೆಳಿಗ್ಗೆ ಡಿಯೋಡರೆಂಟ್.

ಮುಗಿದ ಮೇಲೆ ತಣ್ಣೀರು, ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸುವುದು, ಸುವಾಸನೆ ಇಲ್ಲದ ಮಾಯಿಶ್ಚರೈಸರ್. ಕೊಯ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಲಿ, ನಡುನಡುವೆ ತೆಗೆದು ನೋಡಬಾರದು. ನೋಡಿದಾಗೆಲ್ಲ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ರೇಜರನ್ನು ತೊಳೆದು ಕೊಡವಿ, ಬಚ್ಚಲಿನ ಆವಿಯಿಂದ ದೂರ ಒಣ ಜಾಗದಲ್ಲಿಡಬೇಕು. 5ರಿಂದ 7 ಸಲಕ್ಕೆ ಬ್ಲೇಡ್ ಬದಲು. ಮೊಂಡು ಬ್ಲೇಡ್ ಸುರಕ್ಷಿತ ಅಂದುಕೊಳ್ಳುವುದು ತಪ್ಪು, ಅದು ಕೂದಲನ್ನು ಎಳೆಯುತ್ತದೆ, ಹುಡುಗಿ ಒತ್ತಡ ಹೆಚ್ಚಿಸುತ್ತಾಳೆ, ಆಗ ಚರ್ಮ ಹೋಗುತ್ತದೆ.

ಎರಡು ಮೂರು ದಿನದ ಮೇಲೆ ಕೆಂಪು ಚುಕ್ಕೆಗಳು ಬಂದರೆ ಕೂದಲ ಬುಡ ಕೆರಳಿದೆ ಎಂದರ್ಥ. ಗುಂಗುರು ಕೂದಲಿನವರಲ್ಲಿ ಕತ್ತರಿಸಿದ ತುದಿ ಬಾಗಿ ವಾಪಸ್ ಚರ್ಮಕ್ಕೇ ಚುಚ್ಚಿಕೊಂಡು ಒಳಗೆ ಬೆಳೆಯುತ್ತದೆ. ಗುಳ್ಳೆಯ ಕೆಳಗೆ ಕಪ್ಪು ಎಳೆ ಸುತ್ತಿಕೊಂಡದ್ದು ಕಾಣುತ್ತದೆ. ಪಿನ್ನಿನಿಂದ ಕೆದಕಿದರೆ, ಹಿಸುಕಿದರೆ, ಗುಳ್ಳೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಚರ್ಮದ ಬಣ್ಣ ಗಾಢವಾದಷ್ಟೂ ಕಲೆ ಎದ್ದು ಕಾಣುತ್ತದೆ. ಬೆಚ್ಚಗಿನ ಒದ್ದೆ ಬಟ್ಟೆ ದಿನಕ್ಕೆರಡು ಸಲ ಹತ್ತು ನಿಮಿಷ ಇಡಿ, ವಾಸಿಯಾಗುವವರೆಗೆ ಶೇವಿಂಗ್ ನಿಲ್ಲಿಸಿ. ಕೀವು ತುಂಬಿ ಸುತ್ತ ಬಿಸಿಯಾಗಿ ನೋವು ಹೆಚ್ಚಿದರೆ ವೈದ್ಯರು.

ಹೇರ್ ರಿಮೂವಲ್ ಕ್ರೀಮ್ ಬ್ಲೇಡ್ ಇಲ್ಲದ್ದರಿಂದ ಮಕ್ಕಳಿಗೆ ಮೃದು ಅನ್ನಿಸುತ್ತದೆ, ನಿಜದಲ್ಲಿ ಹಾಗಿಲ್ಲ. ಅದರಲ್ಲಿರುವ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಕೊಂಡಿಗಳನ್ನು ಬಿಡಿಸಿ ಕೂದಲನ್ನು ಕರಗಿಸುತ್ತದೆ. ಚರ್ಮದ ಮೇಲ್ಪದರವೂ ಕೆರಾಟಿನ್ನೇ. ಡಬ್ಬದ ಮೇಲೆ ಬರೆದ ಸಮಯ ಮೀರಿದರೆ ಅದು ಚರ್ಮ ಸುಡಲು ಶುರು ಮಾಡುತ್ತದೆ. ಹಿಂದಿನ ದಿನ ಚಿಕ್ಕ ಜಾಗದಲ್ಲಿ ಹಚ್ಚಿ 24 ಗಂಟೆ ನೋಡಿ, ಫೋನಿನಲ್ಲಿ ಟೈಮರ್ ಇಟ್ಟು, ಕಾಲಿಗೆ ಮಾತ್ರ. ಕಾಲಿನ ಕ್ರೀಮನ್ನು ಮೇಲ್ದುಟಿಗೆ ಹಚ್ಚಿ ಸುಟ್ಟುಕೊಳ್ಳುವುದು ಈ ವಯಸ್ಸಿನವರು ಮಾಡುವ ತಪ್ಪು, ಮೊದಲೇ ಹೇಳಿಡಿ.

ವ್ಯಾಕ್ಸಿಂಗ್ ನೋಯುತ್ತದೆ. ನೋಯುವುದಿಲ್ಲ ಎಂದು ಸುಳ್ಳು ಹೇಳಿ ಕರೆದೊಯ್ಯಬೇಡಿ. ಕೈಯ ಒಂದು ಪಟ್ಟಿ ಮಾಡಿಸಿ, ಅವಳು ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ, ಒಂದು ಕಾಲು ಅರ್ಧಕ್ಕೆ ನಿಂತರೂ ಸರಿ. ಕೂದಲು ಕನಿಷ್ಠ ಅರ್ಧ ಸೆಂಟಿಮೀಟರ್ ಇಲ್ಲದಿದ್ದರೆ ಮೇಣ ಹಿಡಿಯುವುದಿಲ್ಲ, ಹಾಗಾಗಿ ನಡುವೆ ಕೆಲವು ವಾರ ಕೂದಲು ಬೆಳೆಯಲು ಬಿಡಬೇಕು. ಅದನ್ನು ಮುಚ್ಚಿಡಲೆಂದೇ ತೆಗೆಸುವ ಹುಡುಗಿಗೆ ಆ ವಾರಗಳೇ ಕಷ್ಟ. ಮೊಡವೆಗೆ ಅಡಾಪಲೀನ್, ಟ್ರೆಟಿನಾಯಿನ್ ಹಚ್ಚುತ್ತಿರುವ ಮುಖಕ್ಕೆ ವ್ಯಾಕ್ಸ್ ಹಾಕಿದರೆ ಚರ್ಮದ ಪದರವೇ ಎದ್ದುಬರಬಹುದು. ಮೊಡವೆಗೇ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವಾಗಲೂ, ನಿಲ್ಲಿಸಿ 6 ತಿಂಗಳವರೆಗೂ ವ್ಯಾಕ್ಸಿಂಗ್ ಇಲ್ಲ. ಮನೆಯಲ್ಲಿ ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಮೇಣ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕುದಿ. ಚೆನ್ನಾಗಿ ಕಲಕಿ ನಿಮ್ಮ ಮಣಿಕಟ್ಟಿನ ಒಳಭಾಗದಲ್ಲಿ ನೋಡದೆ ಅವಳ ಮೈಗೆ ಹಚ್ಚಬೇಡಿ.

ಮೇಲ್ದುಟಿ ಅವಳನ್ನು ಕಾಡುತ್ತಿದ್ದರೆ ಮುಖಕ್ಕೆಂದೇ ಇರುವ ಚಿಕ್ಕ ಟ್ರಿಮ್ಮರ್ ಸಾಕು. ಹುಬ್ಬು ಕೂಡಿದ ನಡುವಿನ ನಾಲ್ಕು ಕೂದಲು ಟ್ವೀಜರ್‌ನಲ್ಲಿ ತೆಗೆಯಬಹುದು, ಹುಬ್ಬಿನ ಆಕಾರ ಮಾತ್ರ ಈ ವಯಸ್ಸಿನಲ್ಲಿ ಮುಟ್ಟಬಾರದು. ಪದೇಪದೇ ಕಿತ್ತ ಹುಬ್ಬು ಕೆಲವರಿಗೆ ಪೂರ್ತಿ ವಾಪಸ್ ಬರುವುದಿಲ್ಲ. ಲೇಸರ್ ಈಗ ಬೇಡವೇ ಬೇಡ. ಹಾರ್ಮೋನು ಇನ್ನೂ ಹೊಸ ಬುಡಗಳನ್ನು ಎಬ್ಬಿಸುತ್ತಲೇ ಇರುತ್ತದೆ, ಇವತ್ತು ಸುಟ್ಟದ್ದರ ಪಕ್ಕದಲ್ಲಿ ನಾಳೆ ಇನ್ನೊಂದು ಹುಟ್ಟುತ್ತದೆ. ಮುಖ, ಕತ್ತಿನ ಮೇಲೆ ಲೇಸರ್‌ನಿಂದ ಕೂದಲು ಹೆಚ್ಚುವುದೂ ಉಂಟು.

ಗುಪ್ತಾಂಗದ ಕೂದಲಿನ ಬಗ್ಗೆ ಅವಳು ಕೇಳಿದರೆ ಗಾಬರಿಯಾಗದೆ ಉತ್ತರಿಸಿ. ಅದು ಬಟ್ಟೆಯ ಉಜ್ಜುವಿಕೆಯಿಂದ ಆ ಮೆತ್ತನೆ ಚರ್ಮವನ್ನು ಕಾಯುತ್ತದೆ, ಇದ್ದರೆ ಯಾವ ತೊಂದರೆಯೂ ಇಲ್ಲ. ಈಜುಡುಗೆಯ ಅಂಚಿನಿಂದ ಹೊರಗೆ ಕಾಣುವುದು ಮುಜುಗರವಾದರೆ ಅಂಚಿನಲ್ಲಿ ಟ್ರಿಮ್ಮರ್ ಆಡಿಸಿದರೆ ಸಾಕು, ಇಲ್ಲವೇ ಶಾರ್ಟ್ಸ್ ಇರುವ ಈಜುಡುಗೆ ಕೊಡಿಸಿ. ರೇಜರ್, ಕ್ರೀಮ್, ವ್ಯಾಕ್ಸ್ ಮೂರೂ ಅಲ್ಲಿಗೆ ಈ ವಯಸ್ಸಿನಲ್ಲಿ ಬೇಡ ಎಂದು ಸ್ಪಷ್ಟವಾಗಿ ಹೇಳಿ. ಇಷ್ಟು ಚಿಕ್ಕವಳಿಗೆ ಪೂರ್ತಿ ತೆಗೆಯಬೇಕು ಅನ್ನಿಸಿದ್ದರೆ ಆ ಯೋಚನೆ ಎಲ್ಲಿಂದ ಬಂತು, ಫೋನಿನಲ್ಲಿ ಏನು ನೋಡಿದಳು, ಯಾರು ಹೇಳಿದರು ಎಂಬುದನ್ನು ಮೆಲ್ಲಗೆ, ಆದರೆ ಬಿಡದೆ ತಿಳಿದುಕೊಳ್ಳಿ.

ಮನೆಯಲ್ಲಿ ಅಮ್ಮ ಇಲ್ಲದಿದ್ದರೆ ಅಪ್ಪನೇ ಕಲಿಸಬಹುದು. ದಿನಾ ಬೆಳಿಗ್ಗೆ ಅದೇ ಕೆಲಸ ಮಾಡುವವರು. ತಮ್ಮ ಗಡ್ಡದ ಮೇಲೆ ಒಮ್ಮೆ ತೋರಿಸಿ, ರೇಜರ್ ಅವಳ ಕೈಗೆ ಕೊಟ್ಟು, ಮೀನಖಂಡದ ಮೇಲೆ ಅವಳು ಎಳೆಯುವಾಗ ಪಕ್ಕದಲ್ಲಿ ಕೂತಿದ್ದರೆ ಆಯಿತು.

ಎಷ್ಟು ದಿನಕ್ಕೊಮ್ಮೆ ಅನ್ನುವುದು ಅವಳಿಗೇ ಬಿಟ್ಟದ್ದು, ಆದರೆ ನಡುವೆ ಎರಡು ಮೂರು ದಿನವಾದರೂ ಚರ್ಮಕ್ಕೆ ಬಿಡುವು ಇರಲಿ. ಬಹಳ ಹುಡುಗಿಯರು ನಾಲ್ಕೈದು ಸಲ ಮಾಡಿ ಬೇಸರವಾಗಿ ಬಿಟ್ಟುಬಿಡುತ್ತಾರೆ. ಆಗ “ಅಷ್ಟು ಹಟ ಮಾಡಿದ್ದೆಯಲ್ಲ” ಅನ್ನಬೇಡಿ. ಬಿಟ್ಟ ಮೇಲೆ ಮೊದಲ ಒಂದೆರಡು ವಾರ ಮೊಂಡು ತುದಿಗಳು ಚುಚ್ಚಿ ತುರಿಕೆ ಬರುತ್ತದೆ, ಸ್ನಾನವಾದ ತಕ್ಷಣ ಮಾಯಿಶ್ಚರೈಸರ್ ಹಚ್ಚಿದರೆ ತಗ್ಗುತ್ತದೆ. ಉದುರುವ ಕೂದಲ ಜಾಗದಲ್ಲಿ ಹೊಸದು ಮೊದಲಿನ ಹಾಗೇ ಚೂಪು ತುದಿಯೊಂದಿಗೆ ಬರುತ್ತದೆ. ರೇಜರನ್ನು ಒಣಗಿಸಿ, ಮುಚ್ಚಳ ಹಾಕಿ, ಅವಳಿಗೆ ಕೈಗೆಟಕುವ ಕಡೆಯೇ ಇಟ್ಟಿರಿ.